ಮೇಣದ ಚಕ್ರವರ್ತಿ, ಕಂಚಿನ ಮೈದುನ

ಚಕ್ರವರ್ತಿಯ ಮುಖ ಕರಗಿದ್ದು ನಮ್ಮೂರ ಸ್ನಾನದ ಮನೆಯ ಬಿಸಿ ಕಟ್ಟೆಯ ಮೇಲೆ. ಅದನ್ನು ಅಲ್ಲಿಟ್ಟವನು ಮೋಸ್ಕ. ಅದರ ಫಲ ಉಂಡವನು ಅವನ ಭಾವ ಜೋಸಿಮ.

ಜೋಸಿಮ ನಮ್ಮೂರ ಟಂಕಸಾಲೆಯಲ್ಲಿ ಅಚ್ಚು ಕೊರೆಯುವವನು. ರೋಮಿಗೆ ಹೊಸ ಚಕ್ರವರ್ತಿ ಬಂದಾಗಲೆಲ್ಲ ಪ್ರಾಂತದ ರಾಜಧಾನಿ ಎಫೆಸಸ್‌ನಿಂದ ಅವನ ಮೇಣದ ಮುಖವೊಂದು ಪೆಟ್ಟಿಗೆಯಲ್ಲಿ ಬರುತ್ತದೆ. ಅದನ್ನು ನೋಡಿಕೊಂಡು ಜೋಸಿಮ ಅಚ್ಚು ಕೊರೆಯುತ್ತಾನೆ, ಊರಿನವರು ಕಂಚಿನ ನಾಣ್ಯ ಹೊಡೆಯುತ್ತಾರೆ, ಜನ ಅದನ್ನು ಕೊಟ್ಟು ಮೀನು ಕೊಳ್ಳುತ್ತಾರೆ. ಇತ್ತೀಚೆಗೆ ಚಕ್ರವರ್ತಿಗಳು ಬದಲಾಗುವ ವೇಗ ನೋಡಿದರೆ ಅವರಿಗಿಂತ ಆ ಉಪ್ಪುಮೀನೇ ಹೆಚ್ಚು ಬಾಳಿಕೆ ಬರುತ್ತಿತ್ತು. ಈ ಸಲದವನನ್ನು ಉತ್ತರದ ಗಡಿಯಲ್ಲಿ ಸೈನಿಕರು ಗುರಾಣಿಯ ಮೇಲೆ ಕೂರಿಸಿ ಎತ್ತಿ, ಇವನೇ ಚಕ್ರವರ್ತಿ ಎಂದು ಸಾರಿದ್ದರಂತೆ. ಹೆಸರು ಬಂದಿತ್ತು, ಬಿರುದುಗಳು ಬಂದಿದ್ದವು, ಮುಖ ಮಾತ್ರ ಬರುವುದು ತಡವಾಗಿತ್ತು. ಆವತ್ತು ಸಂಜೆಯೇ ಚಕ್ರವರ್ತಿಯ ಪ್ರತಿನಿಧಿ ವಿಬಿಯಸ್ ಊರಿಗೆ ಬರುವವನಿದ್ದ. ಬಲಿಪೂಜೆ ಮುಗಿದ ಮೇಲೆ ಹೊಸ ನಾಣ್ಯಗಳನ್ನು ಬೊಗಸೆಯಲ್ಲಿ ತೆಗೆದು ಜನರತ್ತ ಎರಚುವುದು ಅವನ ಕೆಲಸ.

ಪೆಟ್ಟಿಗೆ ತರಲು ಜೋಸಿಮ ಬೆಳಿಗ್ಗೆಯೇ ಮೈದುನನನ್ನು ಬಂದರಿಗೆ ಕಳಿಸಿದ್ದ. ಅದೇ ಅವನು ಮಾಡಿದ ತಪ್ಪು. ಮೋಸ್ಕ ಮೂರು ವರ್ಷದ ಹಿಂದೆ ಅಕ್ಕನ ಮನೆಗೆ ಹಬ್ಬದ ಊಟಕ್ಕೆ ಬಂದವನು. ಊಟ ಇನ್ನೂ ಮುಗಿದಿರಲಿಲ್ಲ. ಕೊನೆಗೂ ಜೋಸಿಮ ಧೈರ್ಯ ಮಾಡಿ ಒಂದು ಧಾನ್ಯದ ಹಡಗಿನ ನಾಯಕನ ಜೊತೆ ಮಾತಾಡಿ, ಮಾರನೆಯ ದಿನ ಮೋಸ್ಕನನ್ನು ಅಡುಗೆಯವನಾಗಿ ಅಲೆಕ್ಸಾಂಡ್ರಿಯಕ್ಕೆ ಸಾಗಹಾಕುವ ಏರ್ಪಾಡು ಮಾಡಿಕೊಂಡಿದ್ದ. ಹೆಂಡತಿ ಅಫಿಯಾಗೆ ಇನ್ನೂ ಹೇಳಿರಲಿಲ್ಲ. ಹಡಗು ಹೊರಟ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದ.

ಮೋಸ್ಕ ಮೈಯೆಲ್ಲ ಘಮಘಮ ಎಣ್ಣೆ ಸವರಿಕೊಂಡು ಬಂದು ಪೆಟ್ಟಿಗೆಯನ್ನು ಕೆಲಸದ ಮಣೆಯ ಮೇಲಿಟ್ಟ.

"ಭಾವ, ಒಂಚೂರು ಬೆವರಿದಾರೆ ಅಷ್ಟೆ," ಅಂದ.

ಜೋಸಿಮ ಮುಚ್ಚಳ ತೆಗೆದ. ಮಗು ಕೈಯಾಡಿಸಿ ಬಿಟ್ಟ ಗಂಜಿಯ ಬಟ್ಟಲಿನ ಹಾಗಿತ್ತು ಚಕ್ರವರ್ತಿಯ ಮುಖ. ಮೂಗು ಗಲ್ಲದವರೆಗೆ ಜಾರಿ ಅಲ್ಲಿ ಬೀಡುಬಿಟ್ಟಿತ್ತು. ಕಣ್ಣುಗಳು ಕೆಳಗೆ ಹಾಸಿದ್ದ ಹುಲ್ಲಿನೊಳಗೆ ಎಲ್ಲೋ ಇಳಿದುಹೋಗಿದ್ದವು. ಸುಸ್ಥಿತಿಯಲ್ಲಿ ಉಳಿದಿದ್ದದ್ದು ಒಂದು ಕಿವಿ.

"ಎಲ್ಲಿಟ್ಟಿದ್ದೆ ಇದನ್ನ?"

"ಸ್ನಾನದ ಮನೇಲಿ. ಬಟ್ಟೆ ಬಿಚ್ಚೋ ಕಡೆ ಕಳ್ಳರ ಕಾಟ ಜಾಸ್ತಿ ಭಾವ. ಯಾರಾದ್ರೂ ಚಕ್ರವರ್ತಿನೇ ಹೊತ್ಕೊಂಡು ಹೋದ್ರೆ ನಿಮಗೆ ಕೆಟ್ಟ ಹೆಸರು ಅಂತ ಜೊತೇಲೇ ಒಳಗೆ ತಗೊಂಡ್ಹೋದೆ."

"ಬಿಸಿ ಕೋಣೆಗಾ?"

"ಮೊದ್ಲು ಬೆಚ್ಚನೆ ಕೋಣೆಗೆ. ಒಂದೇ ಸಲ ಬಿಸಿಗೆ ಹೋಗ್ಬಾರ್ದಲ್ಲ, ಆರೋಗ್ಯಕ್ಕೆ ಒಳ್ಳೇದಲ್ಲ."

ಜೋಸಿಮ ಪಕ್ಕದ ಮುಕ್ಕಾಲಿಯ ಮೇಲೆ ಕೂತುಬಿಟ್ಟ. ಚಕ್ರವರ್ತಿಯ ಪ್ರತಿಮೆಯ ಎದುರು ಬಟ್ಟೆ ಬದಲಿಸಿದವನೊಬ್ಬನನ್ನು ಪಕ್ಕದ ಊರಿನಿಂದ ಕಲ್ಲುಗಣಿಗೆ ಕಳಿಸಿದ್ದರು. ಚಕ್ರವರ್ತಿಯನ್ನೇ ಬಿಸಿ ಕೋಣೆಗೆ ಕರೆದೊಯ್ದು ಕರಗಿಸಿದವನ ಭಾವನನ್ನು ಎಲ್ಲಿಗೆ ಕಳಿಸುತ್ತಾರೋ, ಅವನಿಗೆ ಊಹೆಗೆ ಸಿಗಲಿಲ್ಲ.

ಅಫಿಯಾ ಒಳಗಿನಿಂದ ಬಂದು ಪೆಟ್ಟಿಗೆಯೊಳಗೆ ಇಣುಕಿದಳು. "ಪಾಪ, ಬೇಕು ಅಂತ ಮಾಡಿದ್ನೇನ್ರೀ? ಮೇಣದಲ್ಲಿ ಮಾಡಿ ಕಳಿಸಿದ್ದು ಅವರ ತಪ್ಪು. ಕಲ್ಲಲ್ಲಿ ಮಾಡಿದ್ರೆ ಹೀಗಾಗ್ತಿತ್ತಾ?" ಎಂದು ತಮ್ಮನ ಕಡೆ ತಿರುಗಿ, "ನೀನು ಏನಾದ್ರೂ ತಿಂದ್ಯೇನೋ?" ಅಂದಳು.

ಮೋಸ್ಕ ತಿಂದಿರಲಿಲ್ಲ. ತಿನ್ನಲು ಕೂತ.

ಅಷ್ಟು ಹೊತ್ತಿಗೆ ಪಕ್ಕದ ಮೋಟುಗೋಡೆಯ ಮೇಲೆ ಉಪ್ಪುಮೀನು ಮಾರುವ ಮೆಲ್ತಿನೆಯ ತಲೆ ಮೂಡಿತು. ನಮ್ಮ ಬೀದಿಯಲ್ಲಿ ಏನು ನಡೆದರೂ ಆ ಗೋಡೆಯ ಮೇಲೆ ಆ ತಲೆ ಮೂಡುತ್ತದೆ.

"ಜೋಸಿಮಣ್ಣ, ಹೊಸಬ್ರು ಬಂದ್ರಂತೆ. ಒಂದ್ಸಲ ಮುಖ ತೋರ್ಸಿ, ನೋಡೋಣ."

ಜೋಸಿಮ ತಟ್ಟನೆ ಮುಚ್ಚಳ ಹಾಕಿದ. "ಈಗಾಗಲ್ಲ ಕಣಮ್ಮ. ಪ್ರಯಾಣ ಮಾಡಿ ಸುಸ್ತಾಗಿದಾರೆ." ಹೇಳಿದ ಮೇಲೆ ಅವನಿಗೆ ಒಂದು ವಿಷಯ ಹೊಳೆಯಿತು. "ಅಲ್ಲ, ನಿನ್ನ ಗಂಡ ಇವರ ಸೈನ್ಯದಲ್ಲೇ ಇದ್ನಲ್ಲ. ಇವರು ನೋಡೋಕೆ ಹೇಗೆ ಅಂತ ಏನಾದ್ರೂ ಹೇಳಿದ್ನಾ? ಸುಮ್ನೆ ಕೇಳ್ದೆ."

"ಹೇಳಿದಾರೆ. ಕತ್ತು ಅಂದ್ರೆ ಎತ್ತಿನ ಕತ್ತಂತೆ."

"ಮುಖ?"

"ಮುಖ ನೋಡಿಲ್ಲ. ಇಡೀ ಯುದ್ಧ ಅವರ ಹಿಂದೇನೇ ನಡೆದಿದಾರೆ."

ಕತ್ತು ಸಿಕ್ಕಿತು. ಜೋಸಿಮ ಬೀದಿ ತಿರುವಿನ ಕ್ಷೌರಿಕ ಹೆರ್ಮನ ಅಂಗಡಿಗೆ ಹೋದ. ಹೆರ್ಮ ರೋಮಿನಲ್ಲಿ ಕೆಲಸ ಕಲಿತವನು. ತನ್ನ ಗುರು ಚಕ್ರವರ್ತಿಗೇ ಕ್ಷೌರ ಮಾಡಿದವನು ಎಂದು ಗಿರಾಕಿ ಅಲುಗಾಡದಂತೆ ಕತ್ತಿ ಹಿಡಿದುಕೊಂಡೇ ಹೇಳುತ್ತಿದ್ದ.

"ಈಗಿರೋ ಚಕ್ರವರ್ತಿಗೇನಾ?" ಎಂದು ಜೋಸಿಮ ಕೇಳಿದ.

"ಇವರು ಕೊಲ್ಲಿಸಿದ್ರಲ್ಲ ಅಣ್ಣ, ಅವರಿಗೆ."

"ಇವರಿಗೆ ಗಡ್ಡ ಇದ್ಯಾ?"

"ಗಡಿಯಿಂದ ಬಂದೋರಿಗೆಲ್ಲ ಕುರುಚಲು ಗಡ್ಡ ಇರತ್ತೆ. ಅಲ್ಲಿ ನೀರು ತಣ್ಣಗಿರತ್ತೆ ನೋಡಿ, ಯಾರೂ ಸರಿಯಾಗಿ ಬೋಳಿಸ್ಕೊಳಲ್ಲ. ಯಾಕೆ, ಪೆಟ್ಟಿಗೇಲಿ ಗಡ್ಡ ಕಾಣಲ್ವಾ?"

"ಬೆಳಕು ಕಮ್ಮಿ," ಎಂದು ಜೋಸಿಮ ಹೊರಟುಬಂದ.

ದಾರಿಯಲ್ಲಿ ನಗರಸಭೆಯ ಅರ್ತೆಮೋನ ಎದುರಾದ. ಆ ವರ್ಷದ ನಾಣ್ಯ ಅವನ ಉಸ್ತುವಾರಿಯದು. ಹಿಂಬದಿಯಲ್ಲಿ ನಮ್ಮೂರ ದೇವಿಯ ಸುತ್ತ ಅವನ ಹೆಸರು ಬರುತ್ತದೆ. ಜೋಸಿಮ ಒಂದು ಕ್ಷಣ ನಿಜ ಹೇಳಿಬಿಡೋಣ ಎಂದುಕೊಂಡು ಬಾಯಿ ತೆರೆದ.

"ಯಜಮಾನ್ರೇ, ಆ ಮುಖದ ವಿಚಾರ..."

"ಮುಖ ನಿಂಗೆ ಬಿಟ್ಟಿದ್ದು ಕಣಯ್ಯ. ನನ್ನ ಹೆಸರು ಪೂರ್ತಿ ಬರ್ಬೇಕು, ಅದು ನೋಡ್ಕೊ. ಹೋದ ಸಲ ಜಾಗ ಸಾಲ್ದೆ 'ಅರ್ತೆ' ಅಂತ ನಿಂತ್‌ಹೋಗಿತ್ತು. ನಮ್ಮ ಮಾವನ ಕಡೆಯೋರು ಈಗ್ಲೂ ನನ್ನ ಅರ್ತೆ ಅಂತಲೇ ಕರೀತಾರೆ."

ಜೋಸಿಮ ಬಾಯಿ ಮುಚ್ಚಿಕೊಂಡು ಮನೆಗೆ ಬಂದು ಉಳಿ ಹಿಡಿದ. ಹೆಸರಿನ ಬದಿಯ ಅಚ್ಚನ್ನು ಅವನು ಮೊದಲೇ ಕೊರೆದಿಟ್ಟಿದ್ದ.

ಅಚ್ಚು ಕೊರೆಯುವುದೆಂದರೆ ಎಲ್ಲವನ್ನೂ ತಿರುಗಾಮುರುಗ ಮಾಡುವುದು. ಉಬ್ಬಬೇಕಾದ್ದನ್ನು ತಗ್ಗಿಸಬೇಕು, ಎಡಕ್ಕಿರುವುದನ್ನು ಬಲಕ್ಕೆ ಹಾಕಬೇಕು. ನಾಣ್ಯ ಹೊಡೆದು ನೋಡುವವರೆಗೂ ಏನು ಹುಟ್ಟಿದೆಯೆಂದು ಕೊರೆದವನಿಗೂ ಪೂರ್ತಿ ತಿಳಿಯುವುದಿಲ್ಲ. ಎತ್ತಿನ ಕತ್ತು ಕೊರೆದ. ಕುರುಚಲು ಗಡ್ಡ ಚುಚ್ಚಿದ. ಮೇಣದ ಕಿವಿಯನ್ನು ನೋಡಿ ಕಿವಿ ಮಾಡಿದ. ಎಲೆಗಳ ಕಿರೀಟ ಎಲ್ಲ ಚಕ್ರವರ್ತಿಗಳಿಗೂ ಒಂದೇ, ಅದಕ್ಕೆ ತೊಂದರೆಯಿರಲಿಲ್ಲ. ಉಳಿದದ್ದು ಹಣೆ, ಮೂಗು, ಬಾಯಿ, ಗಲ್ಲ. ಅಲ್ಲಿ ಕೈ ನಿಂತಿತು. ತಲೆಯೆತ್ತಿದರೆ ಎದುರಿಗೆ ಮೋಸ್ಕ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ತಿನ್ನುತ್ತಿದ್ದ. ಜೋಸಿಮ ಸಿಟ್ಟಿನಿಂದ ತಲೆ ಬಗ್ಗಿಸಿದ. ಕೈ ತಾನಾಗಿ ಓಡತೊಡಗಿತು.

ಮೊದಲ ನಾಣ್ಯ ಹೊಡೆದು ನೀರಿಗೆ ಹಾಕಿದ. ಚುಸ್ ಎಂದಿತು. ಮೋಸ್ಕನೇ ಅದನ್ನು ನೀರಿನಿಂದ ತೆಗೆದು ಒರೆಸಿ, ಬಾಗಿಲ ಬೆಳಕಿಗೆ ಹಿಡಿದ. ಅಗಿಯುವುದನ್ನು ನಿಲ್ಲಿಸಿದ.

"ಭಾವ, ಇದು ನಾನು."

ಹೌದು, ಅವನೇ. ಕೊನೆಯಲ್ಲಿ ದಪ್ಪಗಾಗುವ ಆ ಮೂಗು, ಇನ್ನೊಂದು ತುತ್ತಿಗೆ ತಯಾರಾಗಿರುವಂತೆ ತುಸು ತೆರೆದ ತುಟಿ. ಮೂರು ವರ್ಷ ಹೊತ್ತು ಹೊತ್ತಿಗೂ ಎದುರಿಗೆ ಕೂತು ಉಂಡ ಮುಖವದು. ಕಣ್ಣಿಗಿಂತ ಕೈಗೇ ಅದರ ಪರಿಚಯ ಹೆಚ್ಚಾಗಿತ್ತು.

ಜೋಸಿಮ ಇನ್ನೊಂದು ಅಚ್ಚು ತೆಗೆದುಕೊಂಡ. ಮೋಸ್ಕನಿಗೆ ಬೆನ್ನು ಹಾಕಿ ಕೂತು, ಕಣ್ಣುಮುಚ್ಚಿ ಬೇರೆ ಯಾವುದಾದರೂ ಮುಖ ನೆನೆಸಿಕೊಳ್ಳಲು ನೋಡಿದ. ಹೆಂಡತಿಯ ಮುಖ ನೆನಪಾಯಿತು. ಅದನ್ನೇ ಕೊರೆಯುತ್ತ ಹೋದವನು ನಡುವೆ ನಿಲ್ಲಿಸಿದ. ಅಕ್ಕ ತಮ್ಮ ಇಬ್ಬರೂ ಒಂದೇ ಅಚ್ಚಿನವರು ಎಂಬುದನ್ನು ಅವನು ಮದುವೆಯಾದಾಗಲೇ ಗಮನಿಸಬೇಕಿತ್ತು.

ಮೂರನೆಯದಕ್ಕೆ ಹೊತ್ತಿರಲಿಲ್ಲ. ಅರ್ತೆಮೋನ ಸುತ್ತಿಗೆಯವರನ್ನು ಕರೆದುಕೊಂಡು ಬಂದೇಬಿಟ್ಟ. ಹೊಡೆದಿದ್ದ ನಾಣ್ಯವನ್ನು ಎತ್ತಿಕೊಂಡು ಹಿಂಬದಿ ತಿರುಗಿಸಿ, ಒಂದೊಂದೇ ಅಕ್ಷರವನ್ನು ಉಗುರಿನಿಂದ ಸವರುತ್ತ ಓದಿದ. "ಅ, ರ್ತೆ, ಮೋ, ನ. ಪೂರ್ತಿ ಇದೆ. ಭೇಷ್ ಕಣಯ್ಯ," ಎಂದು ಬೆನ್ನು ತಟ್ಟಿ, ಹೊಡೆಯಲು ಅಪ್ಪಣೆ ಕೊಟ್ಟ. ಮುಂಬದಿಯನ್ನು ನೋಡುವ ಯೋಚನೆ ಅವನಿಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿಗಟ್ಟಲೆ ಮೋಸ್ಕರು ತಣ್ಣಗಾಗುತ್ತ ಬಿದ್ದಿದ್ದರು.

ಅಸಲು ಮೋಸ್ಕ ಈ ನಡುವೆ ಸುಮ್ಮನಿರಲಿಲ್ಲ. ಒಂದು ನಾಣ್ಯವನ್ನು ಬೆರಳ ಸಂದಿಯಲ್ಲಿ ಹಿಡಿದು ಮೆಲ್ತಿನೆಯ ಅಂಗಡಿಗೆ ಹೋಗಿ, ಅದರ ಪಕ್ಕದಲ್ಲಿ ತನ್ನ ಮುಖವನ್ನು ಅದೇ ಓರೆಯಲ್ಲಿ ತಿರುಗಿಸಿ ನಿಂತ.

ಮೆಲ್ತಿನೆ ನಾಣ್ಯ ನೋಡಿದಳು, ಇವನನ್ನು ನೋಡಿದಳು. ಮೀನಿನ ಪೀಪಾಯಿ ಹಿಡಿದುಕೊಂಡು ನಕ್ಕಳು. ಆಮೇಲೆ ಬೀದಿ ನಕ್ಕಿತು. ಹುಡುಗರು "ಚಕ್ರವರ್ತಿ ಬಂದ, ದಾರಿ ಬಿಡಿ" ಎಂದು ಅವನ ಮುಂದೆ ಓಡಿದರು. ಮೋಸ್ಕ ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ನಿಧಾನವಾಗಿ ನಡೆಯತೊಡಗಿದ. ಮಾತಾಡಿಸಿದವರಿಗೆ ಎದುರು ಮುಖ ಕೊಡದೆ ಪಕ್ಕಕ್ಕೆ ತಿರುಗಿಯೇ ಉತ್ತರ ಕೊಟ್ಟ.

ಸುದ್ದಿ ನಗರಸಭೆ ಮುಟ್ಟಿದಾಗ ಅರ್ತೆಮೋನ ಕಡೆಗೂ ನಾಣ್ಯವನ್ನು ತಿರುವಿ ನೋಡಿದ. ಮೇಲುಹೊದಿಕೆ ಎತ್ತಿಕೊಂಡು ಓಡುತ್ತ ಜೋಸಿಮನ ಮನೆಗೆ ಬಂದ.

"ಏನಯ್ಯ ಇದು? ಇವನು ನಿನ್ನ ಮೈದುನ ಅಲ್ವಾ? ನನ್ನ ಹೆಸರಿನ ಬೆನ್ನಿಗೆ ಇವನ ಮೋರೆ ಅಂಟಿಸಿದ್ದೀಯಲ್ಲ."

"ಯಜಮಾನ್ರೇ, ಬೆಳಿಗ್ಗೆ ನಾನು ಹೇಳೋಕೆ ಬಂದೆ..."

"ಬಂದೋನು ಹೇಳ್ಬೇಕಿತ್ತು. ಈಗ ಅಚ್ಚು ಬದಲಾಯಿಸೋಕೆ ಹೊತ್ತಿಲ್ಲ. ನಾಣ್ಯ ಬದಲಾಯಿಸೋಕೆ ಆಗ್ದಿದ್ರೆ ಇವನನ್ನ ಬದಲಾಯಿಸು. ಆ ರೋಮಿನವನ ಕಣ್ಣಿಗೆ ಈ ಎರಡೂ ಒಟ್ಟಿಗೆ ಬೀಳ್ಬಾರ್ದು. ಬಿದ್ರೆ ನಾನು ನಿನ್ನ ಹೆಸರು ಹೇಳ್ತೀನಿ."

ಮೆಲ್ತಿನೆ ಗೋಡೆಯ ಮೇಲಿಂದ ಉಪಾಯ ಕೊಟ್ಟಳು. "ನಮ್ಮ ಉಪ್ಪುನೀರಿನ ತೊಟ್ಟಿ ಖಾಲಿ ಇದೆ. ಇಳಿಸಿ ಮುಚ್ಚಳ ಹಾಕಿದ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ."

"ಆ ನಾತದಲ್ಲಿ ನಾನಾ?" ಎಂದು ಮೋಸ್ಕ ಗೋಡೆಗೆ ಓರೆಯಾಗಿ ನಿಂತು ಕೇಳಿದ. "ಈ ಮುಖ ಇಟ್ಕೊಂಡು?"

"ನನ್ನ ತಮ್ಮನ್ನ ಉಪ್ಪಿಗೆ ಹಾಕ್ತೀರಾ?" ಎಂದು ಅಫಿಯಾ ಒಳಗಿನಿಂದ ಸೌಟು ಹಿಡಿದೇ ಬಂದಳು. ತೊಟ್ಟಿಯ ಮಾತು ಅಲ್ಲಿಗೆ ಬಿದ್ದುಹೋಯಿತು.

ಉಳಿದದ್ದು ಹೆರ್ಮ. ಜೋಸಿಮ ಮೈದುನನನ್ನು ತೋಳು ಹಿಡಿದು ಎಳೆದುಕೊಂಡು ಹೋಗಿ ಕ್ಷೌರದ ಪೀಠದ ಮೇಲೆ ಕೂರಿಸಿದ. ಗಿರಾಕಿಗಳು ತುಂಬಿದ್ದರಿಂದ ವಿಷಯ ಬಿಡಿಸಿ ಹೇಳುವಂತಿರಲಿಲ್ಲ. ಹೆರ್ಮನ ಕೈಗೆ ನಾಣ್ಯವನ್ನು ತುರುಕಿ ಕಿವಿಯಲ್ಲಿ ಹೇಳಿದ: "ಇದನ್ನ ನೋಡ್ಕೊ, ಇವನನ್ನ ನೋಡ್ಕೊ. ಆ ಹೋಲಿಕೆ ವಿಷಯ ಪೂರ್ತಿ ನಿನ್ನ ಕೈಲಿದೆ. ನನ್ನ ಜೀವ ಉಳಿಸು."

"ಅಷ್ಟೂ ಗೊತ್ತಾಗಲ್ವಾ ಅಣ್ಣ, ರೋಮಿನಲ್ಲಿ ಕಲ್ತಿದೀನಿ," ಎಂದ ಹೆರ್ಮ.

ಜೋಸಿಮ ನಾಣ್ಯದ ಬುಟ್ಟಿಗಳನ್ನು ಚೌಕಕ್ಕೆ ಸಾಗಿಸಿ ಮತ್ತೆ ಬರುವ ಹೊತ್ತಿಗೆ ಅಂಗಡಿಯ ಮುಂದೆ ಜನ ನೆರೆದಿತ್ತು. ಮೋಸ್ಕ ಮೆಟ್ಟಿಲ ಮೇಲೆ ನಿಂತಿದ್ದ. ಗಡ್ಡ ನಾಣ್ಯದಲ್ಲಿರುವಷ್ಟೇ ಕುರುಚಲಾಗಿತ್ತು. ಹಣೆಯ ಮೇಲಿನ ಕೂದಲು ನಾಣ್ಯದಲ್ಲಿರುವಂತೆಯೇ ಮುಂದಕ್ಕೆ ಬಂದಿತ್ತು. ಬಾಗಿಲಿಗೆ ಕಟ್ಟಿದ್ದ ಹಸಿರೆಲೆಯ ತೋರಣ ತಲೆಯ ಸುತ್ತ ಕೂತಿತ್ತು. ಅಲ್ಲಿಯವರೆಗೆ ಅಷ್ಟಿಷ್ಟು ಮೋಸ್ಕನಂತೆ ಕಾಣುತ್ತಿದ್ದವನು ಈಗ ನಾಣ್ಯದಿಂದಲೇ ಎದ್ದು ಬಂದವನಂತಿದ್ದ.

"ಅಲ್ಲಲ್ಲಿ ಒಂದೊಂಚೂರು ವ್ಯತ್ಯಾಸ ಉಳಿದಿತ್ತು ಅಣ್ಣ," ಎಂದು ಹೆರ್ಮ ಕೈ ಒರೆಸಿಕೊಳ್ಳುತ್ತ ಹೇಳಿದ. "ಎಲ್ಲ ತೆಗೆದುಹಾಕ್ದೆ."

ಜೋಸಿಮ ಅವನಿಗೆ ಉತ್ತರ ಕೊಡುವ ಮೊದಲೇ ಬೀದಿಯ ತುದಿಯಲ್ಲಿ ಕೊಂಬು ಮೊಳಗಿತು. ಪ್ರತಿನಿಧಿ ವಿಬಿಯಸ್ ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದ. ಹೇಸರಗತ್ತೆಯ ಮೇಲೆ ಕೂತ ಸಣಕಲು ಮನುಷ್ಯ. ಹೊಟ್ಟೆ ಸರಿಯಿಲ್ಲದವನ ಮುಖ. ಹಿಂದೆ ಒಂದಷ್ಟು ಸೈನಿಕರು. ಅರ್ತೆಮೋನ ತಟ್ಟೆಯಲ್ಲಿ ಹೊಸ ನಾಣ್ಯಗಳನ್ನಿಟ್ಟುಕೊಂಡು, ಎಲ್ಲವನ್ನೂ ಹೆಸರಿನ ಬದಿ ಮೇಲೆ ಮಾಡಿ, ಅವನ ಪಕ್ಕದಲ್ಲಿ ಏದುಸಿರು ಬಿಡುತ್ತ ಓಡಿಬರುತ್ತಿದ್ದ. ವಿಬಿಯಸ್ ಒಂದನ್ನು ತೆಗೆದುಕೊಂಡು ತಿರುವಿದ. ನೋಡಿದ. ತಲೆಯೆತ್ತಿ ಜನರ ನಡುವೆ ಮೆಟ್ಟಿಲ ಮೇಲೆ ನಿಂತಿದ್ದ ಮೋಸ್ಕನನ್ನು ನೋಡಿದ. ಮತ್ತೆ ನಾಣ್ಯ ನೋಡಿದ.

ಮೋಸ್ಕ ಮುಖವನ್ನು ಪಕ್ಕಕ್ಕೆ ತಿರುಗಿಸಿ ಬಲಗೈ ಎತ್ತಿದ.

"ಇದನ್ನು ಕೊರೆದವನು ಯಾರು?" ಎಂದು ವಿಬಿಯಸ್ ಕೇಳಿದ.

ಅರ್ತೆಮೋನ ತನ್ನ ಮಾತಿಗೆ ತಪ್ಪುವವನಲ್ಲ. ತಕ್ಷಣ ಜೋಸಿಮನ ಹೆಸರು ಹೇಳಿ, ಮೆಟ್ಟಿಲ ಮೇಲಿರುವವನು ಅವನ ಮೈದುನ ಎಂದೂ ಸೇರಿಸಿದ.

ವಿಬಿಯಸ್ ಯಾರನ್ನೂ ಒಳಗೆ ಬಿಡದೆ ಜೋಸಿಮನೊಬ್ಬನನ್ನೇ ಕರೆದುಕೊಂಡು ಅವನ ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಸಿದ. ಮಣೆಯ ಮೇಲಿನ ಪೆಟ್ಟಿಗೆಯೇ ಮೊದಲು ಅವನ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದು ತುಂಬ ಹೊತ್ತು ಒಳಗೆ ನೋಡಿದ. ಜೋಸಿಮ ಅವನ ಕಾಲಿಗೆ ಬಿದ್ದ.

"ಇಲ್ಲೂ ಕರಗಿದೆಯೇ?" ಎಂದು ವಿಬಿಯಸ್ ದಣಿದ ದನಿಯಲ್ಲಿ ಕೇಳಿದ.

"ಇಲ್ಲೂ ಅಂದ್ರೆ, ಸ್ವಾಮಿ?"

"ಒಂದೂರಿನಲ್ಲಿ ಒಲೆಯ ಪಕ್ಕ ಇಟ್ಟಿದ್ದರು. ಒಂದೂರಿನಲ್ಲಿ ಇಲಿ ತಿಂದಿತ್ತು. ಇನ್ನೊಂದು ಊರಿನ ಹಡಗೇ ಮುಳುಗಿತು. ಹೋದ ಕಡೆಯಲ್ಲೆಲ್ಲ ಬೇರೆ ಬೇರೆ ಚಕ್ರವರ್ತಿ. ಒಬ್ಬರು ಹಳೆಯವನ ತಲೆಗೇ ಹೊಸ ಹೆಸರು ಹಾಕಿದ್ದರು. ಇನ್ನೊಬ್ಬರು ನಗರಸಭೆಯ ಮುಖ್ಯಸ್ಥನ ತಂದೆಯನ್ನು ಹಾಕಿದ್ದರು. ಎಲ್ಲ ಊರಿಗೂ ಒಂದೇ ಮುಖ ಇರಬೇಕೆಂದು ನನಗೆ ಆಜ್ಞೆ."

"ನಿಜವಾದ ಮುಖ ನೀವು ನೋಡಿರ್ಬೇಕಲ್ಲ ಸ್ವಾಮಿ."

"ನಾನೆಲ್ಲಿ ನೋಡಲಿ? ಅವರು ಗಡಿಯಲ್ಲಿ, ನಾನು ಹೇಸರಗತ್ತೆಯ ಮೇಲೆ. ಎಫೆಸಸ್‌ನಲ್ಲಿ ಈ ಮೇಣ ಅಚ್ಚುಹಾಕಿದವನೂ ನೋಡಿರಲಿಲ್ಲ. ಅವನಿಗೂ ಒಬ್ಬ ಮೈದುನ ಇದ್ದಿರಬಹುದು."

ಜೋಸಿಮ ತಲೆಯೆತ್ತಿದ. ವಿಬಿಯಸ್ ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ.

"ಆದರೆ ಇದು ಬೇರೆ," ಎಂದ. "ಇದರಲ್ಲಿ ಒಂದು ನೆಮ್ಮದಿ ಇದೆ. ಮುಂದಿನ ಊಟ ಎಲ್ಲಿಂದ ಬರುತ್ತದೆಂದು ಒಂದು ದಿನವೂ ಯೋಚಿಸದವನ ಮುಖ. ಅಂಥ ಮುಖ ಕೊರೆಯುವುದು ಸುಲಭವಲ್ಲ. ಇದೇ ಇರಲಿ." ಬಾಗಿಲು ತೆರೆದು ಸವಾರನೊಬ್ಬನನ್ನು ಕರೆದು, ಒಂದು ಚೀಲ ನಾಣ್ಯ ಕೊಟ್ಟು, ಕರಾವಳಿಯ ಎಲ್ಲ ಟಂಕಸಾಲೆಗಳಿಗೂ ಇದನ್ನೇ ಮಾದರಿಯಾಗಿ ಹಂಚಲು ಹೇಳಿ ಕಳಿಸಿದ.

ಕುದುರೆಯ ಸದ್ದು ದೂರವಾದ ಮೇಲೆ ಜೋಸಿಮನಿಗೆ ಉಸಿರು ಬಂತು. ತಲೆ ಉಳಿಯಿತು. ಕೆಲಸ ಉಳಿಯಿತು. ನಾಳೆ ಹಡಗು ಹೊರಟರೆ ಊಟದ ಮಣೆಯ ಎದುರು ಬರೀ ಗೋಡೆ ಇರುತ್ತದೆ. ಆ ಖುಷಿಯಲ್ಲಿ ಅವನು ವಿಬಿಯಸ್ ಕೇಳದಿದ್ದ ಮಾತನ್ನೂ ಹೇಳಿದ.

"ಅವನ ವಿಷಯಕ್ಕೆ ನೀವೇನೂ ಯೋಚಿಸ್ಬೇಡಿ ಸ್ವಾಮಿ. ನಾಳೆನೇ ಅಲೆಕ್ಸಾಂಡ್ರಿಯದ ಹಡಗು ಹತ್ತಿಸ್ತಿದೀನಿ."

ವಿಬಿಯಸ್ ನಿಂತ. "ಯಾರನ್ನು?"

"ನನ್ನ ಮೈದುನನ್ನ. ಆ ಮುಖದವನನ್ನ."

"ಹಡಗಿನಲ್ಲಿ ಕಳಿಸುತ್ತೀಯಾ? ಈ ನಾಣ್ಯ ಚಲಾವಣೆಗೆ ಬಂದ ಮೇಲೆ ಆ ಮುಖ ಯಾವುದಾದರೂ ಬಂದರಿನಲ್ಲಿ ಇಳಿದರೆ ಏನಾಗುತ್ತದೆ ಗೊತ್ತೇ? ಅಲ್ಲಿಯ ಸೈನಿಕರು ಅವನನ್ನೂ ಗುರಾಣಿಯ ಮೇಲೆ ಕೂರಿಸುತ್ತಾರೆ. ಈಗಿರುವ ಒಬ್ಬರೇ ಸಾಕು. ಅವನು ಈ ಊರು ಬಿಡುವಂತಿಲ್ಲ. ಈ ಮನೆಯನ್ನೂ ಬಿಡುವಂತಿಲ್ಲ."

"ಸ್ವಾಮಿ, ಅದು ನನ್ನ ಮೈದುನನ ಮುಖ."

"ಇವತ್ತು ಬೆಳಿಗ್ಗೆಯವರೆಗೆ ಆಗಿತ್ತು," ಎಂದ ವಿಬಿಯಸ್. "ಈಗ ಅದು ಚಕ್ರವರ್ತಿಯ ಮುಖ. ಅದು ಬಿಸಿಲಲ್ಲಿ ದುಡಿಯಬಾರದು, ಏಟು ತಿನ್ನಬಾರದು, ಸೊರಗಬಾರದು. ಬೇರೆ ಊರುಗಳ ಅಚ್ಚಿನವರು ನೋಡಿಕೊಂಡು ಹೋಗಲು ಬರುತ್ತಾರೆ, ಆಗ ನಾಣ್ಯದಲ್ಲಿದ್ದ ಹಾಗೆಯೇ ಇರಬೇಕು. ಚೆನ್ನಾಗಿ ಊಟ ಹಾಕು. ಏನಾದರೂ ಹೆಚ್ಚುಕಡಿಮೆಯಾದರೆ ಉತ್ತರ ಕೊಡುವವನು ನೀನು."

ಹೊರಗೆ ಜನ ಮೋಸ್ಕನನ್ನು ಹೆಗಲ ಮೇಲೆ ಕೂರಿಸಿಕೊಂಡು ಚೌಕದ ಕಡೆ ಹೊರಟಿದ್ದು ಕೇಳಿಸುತ್ತಿತ್ತು. ಜೋಸಿಮ ಮೆಲ್ಲಗೆ ಎದ್ದ. ಅವನ ತಲೆಯಲ್ಲಿ ಒಂದು ಸಣ್ಣ ಆಸೆ ಮಿನುಗಿತು. ಚಕ್ರವರ್ತಿಗಳು ಈಗೀಗ ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೂ ಬಾಳುವುದು ಅಪರೂಪ.

"ತಪ್ಪು ತಿಳ್ಕೋಬೇಡಿ ಸ್ವಾಮಿ. ದೇವರು ಅವರನ್ನ ನೂರು ವರ್ಷ ಇಡಲಿ. ಆದ್ರೆ ಒಂದು ವೇಳೆ, ಬೇರೆಯವರು ಬಂದ್ರೆ?"

ವಿಬಿಯಸ್ ಹೊರಗೆ ಬಂದು ಹೇಸರಗತ್ತೆ ಹತ್ತುತ್ತ ಸ್ವಲ್ಪ ಯೋಚಿಸಿದ.

"ಅವರನ್ನೂ ಯಾರೂ ನೋಡಿರುವುದಿಲ್ಲ," ಎಂದ. "ಮುಖ ಇದೇ ಇರಲಿ. ಹೆಸರು ಬದಲಿಸು."

ಸಂಜೆ ಬಲಿಪೂಜೆ ಚೆನ್ನಾಗಿಯೇ ಆಯಿತು. ಊಟದ ಹೊತ್ತಿಗೆ ಜೋಸಿಮ ಮನೆಗೆ ಬಂದಾಗ ಅಫಿಯಾ ಅಕ್ಕಪಕ್ಕದವರನ್ನೆಲ್ಲ ಕರೆದಿದ್ದಳು. ಜೋಸಿಮ ಊಟಕ್ಕೆ ಒರಗುತ್ತಿದ್ದ ಮಂಚದ ಮೇಲೆ ಮೋಸ್ಕ ಒರಗಿದ್ದ. ದೊಡ್ಡ ಮೀನಿನ ಒಳ್ಳೆಯ ತುಂಡುಗಳೆಲ್ಲ ಅವನ ತಟ್ಟೆಯಲ್ಲಿದ್ದವು. ಮೆಲ್ತಿನೆ ಅವನ ಬೆನ್ನಿಗೆ ದಿಂಬು ಸರಿಪಡಿಸುತ್ತಿದ್ದಳು. ಜೋಸಿಮ ಬಾಗಿಲ ಪಕ್ಕದ ಮುಕ್ಕಾಲಿಯ ಮೇಲೆ ಕೂತು ಬೇಳೆಯ ಬಟ್ಟಲು ಕೈಗೆತ್ತಿಕೊಂಡ.

"ಭಾವ," ಎಂದು ಮೋಸ್ಕ ಗೋಡೆಯ ಕಡೆ ನೋಡುತ್ತಲೇ ಕರೆದ. "ಆ ದೀಪ ಒಂಚೂರು ಈ ಕಡೆ ಇಡಿ. ನಾನು ಪಕ್ಕದಿಂದ ಚೆನ್ನಾಗಿ ಕಾಣ್ತೀನಿ."

ಜೋಸಿಮ ಬಟ್ಟಲನ್ನು ಕೆಳಗಿಟ್ಟು, ಎದ್ದು, ದೀಪ ಸರಿಸಿದ.